ಎಲ್ಡರ್ ಕುಂದರ್ ಕಟ್ಟಿದ ಬ್ರೀತಾ

ಇವ್ಲಿನ್‌ಳ ಮುತ್ತಜ್ಜನನ್ನು ಉಡುಪಿಯಲ್ಲಿ ಕ್ರೈಸ್ತನನ್ನಾಗಿ ಮಾಡಿದವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು. ಅಷ್ಟಕ್ಕೇ ಮನೆಯವರು ಅವನನ್ನು ಹೊರಗೆ ಹಾಕಿ, ಸತ್ತವರಿಗೆ ಮಾಡುವ ಬೊಜ್ಜವನ್ನು ಬದುಕಿದ್ದವನಿಗೇ ಮಾಡಿ ಮುಗಿಸಿದ್ದರಂತೆ. ಮಿಷನರಿ ಎಂದರೆ ಏನು ಎಂಬುದು ಹಾಗಾಗಿ ಆ ಮನೆತನಕ್ಕೆ ಚೆನ್ನಾಗಿಯೇ ಗೊತ್ತಿತ್ತು: ದೂರದಿಂದ ಒಬ್ಬ ಬರುತ್ತಾನೆ, ಇಲ್ಲಿಂದ ಒಬ್ಬ ಮನೆ ಬಿಡುತ್ತಾನೆ. ಆದರೆ ಅರವತ್ತೈದನೆಯ ವಯಸ್ಸಿನಲ್ಲಿ ತಾನೇ ಎದೆಗೆ ಮಿಷನರಿಗಳ ಕಪ್ಪು ಹೆಸರುಪಟ್ಟಿ ಚುಚ್ಚಿಕೊಂಡು, ಸ್ವೀಡನ್ನಿನ ಒಂದು ಹಳ್ಳಿಯಲ್ಲಿ, ಹಳೇ ಕಾಲದ ಹೆಂಗಸರಂತೆ ಕಾಲು ಮುಚ್ಚುವ ಲಂಗ ತೊಟ್ಟು, ತಲೆಗೆ ಬಿಳಿ ಬಟ್ಟೆಯ ಟೋಪಿ ಕಟ್ಟಿಕೊಂಡು ನಿಲ್ಲಬೇಕಾದೀತು ಎಂದು ಯಾರಾದರೂ ಹೇಳಿದ್ದರೆ ಇವ್ಲಿನ್ ಮೊದಲು ಅವರಿಗೆ ಜ್ವರ ನೋಡುತ್ತಿದ್ದಳು. ಅವಳು ನರ್ಸ್. ಎಸ್ಕಿಲ್‌ಸ್ಟುನಾದ ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತಳಾದವಳು.

ಎಲ್ಲಕ್ಕೂ ಕಾರಣ ಅವಳ ಗಂಡ ಸ್ಟ್ಯಾನಿ ಕುಂದರ್. ಅದೇ ಊರಿನಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಕೆಲಸದಲ್ಲಿದ್ದಾಗ ಅವನ ಕೈಕೆಳಗೆ ಹನ್ನೊಂದು ಜನರಿದ್ದರು. ನಿವೃತ್ತಿಯ ಮರುದಿನದಿಂದ ಇವ್ಲಿನ್ ಒಬ್ಬಳೇ. ಅವಳು ಕೊತ್ತಂಬರಿ ಹೆಚ್ಚುವುದನ್ನೂ ಸ್ಟ್ಯಾನಿ ಪಕ್ಕದಲ್ಲಿ ನಿಂತು ಪರೀಕ್ಷಿಸತೊಡಗಿದ. ಇದರಿಂದ ಬೇಸತ್ತು, ವಂಶಾವಳಿ ಹುಡುಕುವುದನ್ನು ಉಚಿತವಾಗಿ ಹೇಳಿಕೊಡುತ್ತಾರಂತೆ ಎಂದು ಎಲ್ಲೋ ಓದಿ, ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ನರ ಚರ್ಚಿನ ಸಂಜೆ ತರಗತಿಗೆ ಅವನನ್ನು ಕಳಿಸಿದವಳು ಅವಳೇ. ಆ ತಪ್ಪನ್ನು ಅವಳು ಯಾರ ಮೇಲೂ ಹೊರಿಸುವಂತಿರಲಿಲ್ಲ. ಆರು ತಿಂಗಳಲ್ಲಿ ಸ್ಟ್ಯಾನಿ ಆ ಚರ್ಚಿನ ನಿಯಮದಂತೆ ಸಂಜೆಯ ಪೆಗ್ ಬಿಟ್ಟ, ಚಹಾ ಬಿಟ್ಟ, ಕಾಫಿ ಬಿಟ್ಟ, ಸ್ನಾನದ ಕೊಳದಂಥ ತೊಟ್ಟಿಯಲ್ಲಿ ಮುಳುಗಿ ಎದ್ದು ಮಾರ್ಮನ್ ಆದ. ಒಂದು ವರ್ಷ ತಡೆದು ಇವ್ಲಿನ್ ಕೂಡ ಮುಳುಗಿದಳು. ಮನೆಯಲ್ಲಿ ಎರಡು ಬಗೆಯ ಭಾನುವಾರ ಬೇಡ ಎಂಬುದಷ್ಟೇ ಅವಳ ಕಾರಣ. ನೀರಿನಿಂದ ಎದ್ದ ಮೇಲೆ ಅವಳಿಗೆ ಒಂದು ವಾರ ಶೀತವಾಗಿತ್ತು, ಬೇರೇನೂ ಆಗಿರಲಿಲ್ಲ.

ಆ ಚರ್ಚಿನಲ್ಲಿ ನಿವೃತ್ತ ದಂಪತಿಗಳು ಸ್ವಂತ ಖರ್ಚಿನಲ್ಲಿ ಒಂದೂವರೆ ವರ್ಷ ಸೇವೆಗೆ ಹೋಗುವ ಪದ್ಧತಿ ಉಂಟು. ಗಂಡಸಿಗೆ ಎಲ್ಡರ್ ಎಂದೂ ಹೆಂಗಸಿಗೆ ಸಿಸ್ಟರ್ ಎಂದೂ ಕರೆಯುತ್ತಾರೆ. 2014ರ ಬೇಸಿಗೆಗೆ ಮೊದಲು ಎಲ್ಡರ್ ಕುಂದರ್ ಮತ್ತು ಸಿಸ್ಟರ್ ಕುಂದರ್ ಅವರನ್ನು ಯೋನ್‌ಶೋಪಿಂಗ್ ಆಚೆಗಿನ ಹೆಸ್ಲೆಹುಲ್ಟ್ ಎಂಬ ಹಳ್ಳಿಗೆ ಕಳಿಸಿದರು. ಅಲ್ಲಿ ಕೆಂಪು ಬಣ್ಣದ ಒಂದು ಮರದ ಮನೆ ಇತ್ತು. ಊರಿನ ಪರಂಪರೆ ಸಂಘದ ಆಸ್ತಿ. 1863ರಲ್ಲಿ ನಿಲ್ಸ್ ಎಂಬ ಮಾರ್ಮನ್ ರೈತ ಆ ಮನೆ ಬಿಟ್ಟು, ಕಾಡಿನ ದಾರಿಯಲ್ಲಿ ಹನ್ನೊಂದು ಕಿಲೋಮೀಟರ್ ನಡೆದು, ಅಲ್ಲಿಂದ ಕುದುರೆಗಾಡಿ, ಹಡಗು ಎಲ್ಲ ಹಿಡಿದು ಮಾರ್ಮನ್ನರೆಲ್ಲ ಹೋಗಿ ಸೇರುತ್ತಿದ್ದ ಅಮೆರಿಕದ ಯೂಟಾಕ್ಕೆ ಹೋಗಿದ್ದ. ಆ ದಾರಿಗೆ ಗುರುತಿನ ಕಂಬ ನೆಟ್ಟಿದ್ದರು. ಮನೆಯನ್ನು ತೆರೆದಿಡುವುದು, ಬಂದವರಿಗೆ ನಾಲ್ಕು ಮಾತು ಹೇಳುವುದು, ದಾರಿ ತೋರಿಸುವುದು, ಇಷ್ಟೇ ಇವರಿಬ್ಬರ ಕೆಲಸ.

ಇಷ್ಟೇ ಕೆಲಸಕ್ಕೆ ಸ್ಟ್ಯಾನಿ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಇಬ್ಬರಿಗೂ ಹಳೇ ಕಾಲದ ವೇಷ ಹೊಲಿಸಿದ. ಮಾರ್ಮನ್ ಮೂಲಪುರುಷರು ಅಮೆರಿಕದ ಬಯಲಿನಲ್ಲಿ ಕೈಗಾಡಿ ಎಳೆದುಕೊಂಡು ಹೋದ ಚಿತ್ರವನ್ನು ಯಾವುದೋ ಪುಸ್ತಕದಲ್ಲಿ ನೋಡಿದ್ದ. ಬಡಗಿಯನ್ನು ಹಿಡಿದು ಅಂಥದೇ ಒಂದು ಗಾಡಿ ಮಾಡಿಸಿ ಅಂಗಳದಲ್ಲಿ ನಿಲ್ಲಿಸಿದ. ಸ್ವೀಡನ್ನಿನಲ್ಲಿ ಯಾರೂ ಇದನ್ನು ಎಳೆದವರಲ್ಲ ಎಂದು ಸಂಘದ ಅಧ್ಯಕ್ಷೆ ಗುನ್‌ಬ್ರಿಟ್ ಮೆಲ್ಲನೆ ಹೇಳಿದಳು. ಮೆಲ್ಲನೆ ಹೇಳಿದ್ದು ಸ್ಟ್ಯಾನಿಗೆ ಯಾವತ್ತೂ ಕೇಳಿಸಿದ್ದಿಲ್ಲ.

ಹೆಂಡತಿಯನ್ನು ಮನೆಯೊಳಗೂ "ಸಿಸ್ಟರ್" ಎಂದು ಕರೆಯತೊಡಗಿದ.

"ಸಿಸ್ಟರ್, ಇವತ್ತು ಬಸ್ಸಿನಲ್ಲಿ ಹದಿನಾಲ್ಕು ಜನ ಬರ್ತಾರೆ."

"ಆಸ್ಪತ್ರೆಯಲ್ಲಿ ಸಿಸ್ಟರ್ ಅಂತ ಕರೆದವರು ತಿಂಗಳು ಮುಗಿದಾಗ ಸಂಬಳ ಕೊಡ್ತಿದ್ರು ಮಾರಾಯ್ರೆ," ಎಂದಳು ಇವ್ಲಿನ್. "ನೀವು ಇವ್ಲಿನ್ ಅಂತಲೇ ಕರೀರಿ, ಸಾಕು."

ಮೂವತ್ತು ವರ್ಷ ಈ ದೇಶದಲ್ಲಿದ್ದರೂ ಸ್ಟ್ಯಾನಿಯ ಸ್ವೀಡಿಷ್ ಬಸ್ ಟಿಕೇಟಿನಿಂದ ಮುಂದೆ ಹೋಗಿರಲಿಲ್ಲ. ಅವನು ಇಂಗ್ಲಿಷಿನಲ್ಲಿ ಹೇಳಬೇಕು, ಸ್ವೀಡಿಷ್ ಜನ ಬಂದರೆ ಇವಳು ಅನುವಾದಿಸಬೇಕು. ಅವನು ಹದಿನೈದು ನಿಮಿಷ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದನ್ನು ಅವಳು ನಾಲ್ಕು ನಿಮಿಷದಲ್ಲಿ ಮುಗಿಸುತ್ತಿದ್ದಳು. ಕಣ್ಣೀರು, ದೇವದೂತರು, ಆಕಾಶದಲ್ಲಿ ಮೂಡಿದ ಬೆಳಕು, ಇವೆಲ್ಲ ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. ಇಷ್ಟು ದೊಡ್ಡ ಮಾತಿಗೆ ಸ್ವೀಡಿಷ್‌ನಲ್ಲಿ ಇಷ್ಟೇನಾ ಎಂದು ಸ್ಟ್ಯಾನಿ ಒಮ್ಮೆ ಅನುಮಾನಪಟ್ಟ. "ಸಣ್ಣ ಭಾಷೆ," ಎಂದಳು ಇವ್ಲಿನ್.

ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ನಿಲ್ಸ್‌ನ ಕಥೆ ಹಿಂದೆ ಸರಿದು ಅವನ ಹೆಂಡತಿ ಬ್ರೀತಾ ಮುಂದೆ ಬಂದಿದ್ದಳು. ಸಂಘದ ಕಾಗದಗಳಲ್ಲಿ ಅವಳ ಹೆಸರೊಂದೇ ಇತ್ತು. ಸ್ಟ್ಯಾನಿ ಆ ಹೆಸರಿಗೆ ಕೈಕಾಲು ಹಚ್ಚಿದ. ಬ್ರೀತಾ ಈ ಬಾಗಿಲಿನಿಂದ ಹಾಡುತ್ತ ಹೊರಟಳು. ಹಿಂದಿರುಗಿ ನೋಡಲಿಲ್ಲ. ಹಸುಗೂಸನ್ನು ಕಂಕುಳಲ್ಲಿಟ್ಟು ಇಂಥದೇ ಗಾಡಿ ಎಳೆದಳು. ಪ್ರತಿ ವಾರ ಅವಳಿಗೆ ಹೊಸದೊಂದು ಕಷ್ಟ ಬರುತ್ತಿತ್ತು, ಪ್ರತಿ ಕಷ್ಟವನ್ನೂ ಅವಳು ನಗುತ್ತಲೇ ಗೆಲ್ಲುತ್ತಿದ್ದಳು. ಅಂಥ ಹೆಂಗಸನ್ನು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಸ್ಟ್ಯಾನಿ ಎಲ್ಲಿ ಕಂಡಿದ್ದ ಎಂಬುದು ಇವ್ಲಿನ್‌ಗೆ ತಿಳಿಯಲಿಲ್ಲ. ತನ್ನ ಮನೆಯಲ್ಲಂತೂ ಅಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಯೋನ್‌ಶೋಪಿಂಗ್‌ನಿಂದ ಕನ್ನಡದ ಒಂದು ಸಂಸಾರ ಕಾರಿನಲ್ಲಿ ಬಂತು. ರಾಮಮೂರ್ತಿ ಎಂಬ ಎಂಜಿನಿಯರ್, ಅವನ ಹೆಂಡತಿ ಕಾಂಚನಾ, ತಳ್ಳುಗಾಡಿಯಲ್ಲಿ ಮಲಗಿದ್ದ ಮಗು. ಕನ್ನಡದಲ್ಲಿ ಕಥೆ ಹೇಳುವ ಅವಕಾಶ ಸಿಕ್ಕಿದ್ದೇ ಸ್ಟ್ಯಾನಿ ರೆಕ್ಕೆ ಬಿಚ್ಚಿದ. ಅರ್ಧ ಗಂಟೆ ಹೇಳಿದ. ಕೊನೆಗೆ ಕರ್ಚೀಫಿನಿಂದ ಕಣ್ಣೊರೆಸಿಕೊಂಡ.

"ಸೂಪರ್ ಅಂಕಲ್," ಎಂದ ರಾಮಮೂರ್ತಿ. "ಏನ್ ಡೆಡಿಕೇಷನ್ ಅಲ್ವಾ ಆವಾಗಿನ್ ಜನಕ್ಕೆ! ನಮ್ಗೆ ಇಲ್ಲಿ ವಿಂಟರ್ ಟೈರ್ ಚೇಂಜ್ ಮಾಡ್ಸೋಕೇ ಕಷ್ಟ."

ಗಂಡಸರಿಬ್ಬರೂ ಗಾಡಿಯ ಚಕ್ರ ನೋಡಲು ಅಂಗಳಕ್ಕೆ ಇಳಿದರು. ಕಾಂಚನಾ ಒಲೆಯ ಮುಂದೆ ನಿಂತೇ ಇದ್ದಳು. ಬೆಂಗಳೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವಳು, ಗಂಡನ ವೀಸಾದ ಬೆನ್ನಿಗೆ ಬಂದು ಎರಡು ವರ್ಷದಿಂದ ಮನೆಯಲ್ಲಿದ್ದಾಳೆ ಎಂದು ಆಗಷ್ಟೇ ತಿಳಿದಿತ್ತು.

"ಆಂಟಿ," ಎಂದಳು, "ಆಕೆಗೆ ಹೋಗೋಕೆ ಇಷ್ಟ ಇತ್ತಾ?"

"ಯಾರಿಗೆ?"

"ಬ್ರೀತಾಗೆ. ಅಂಕಲ್ ಎಲ್ಲಾ ಹೇಳಿದ್ರು. ಅದೊಂದು ಹೇಳ್ಲಿಲ್ಲ."

ಅದು ಇವ್ಲಿನ್‌ಗೂ ಗೊತ್ತಿರಲಿಲ್ಲ. ಒಂದು ವರ್ಷದಿಂದ ಬ್ರೀತಾಳನ್ನು ಅನುವಾದಿಸುತ್ತಿದ್ದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸ್ವೀಡನ್ನಿನಲ್ಲಿ ಆ ಕಾಲದ ಪ್ರತಿಯೊಬ್ಬರ ಲೆಕ್ಕವನ್ನೂ ಊರ ಪಾದ್ರಿ ಬರೆದಿಡುತ್ತಿದ್ದ: ಹುಟ್ಟು, ಮದುವೆ, ಓದು ಬರುತ್ತದೋ ಇಲ್ಲವೋ, ಊರು ಬಿಟ್ಟದ್ದು, ಸಾವು. ಈಗ ಅದೆಲ್ಲ ಪುರಸಭೆಯ ಲೈಬ್ರರಿಯ ಕಂಪ್ಯೂಟರಿನಲ್ಲಿ ಸಿಗುತ್ತದೆ. ಇವ್ಲಿನ್ ವಾರಕ್ಕೆ ಎರಡು ದಿನ ಬಸ್ಸು ಹಿಡಿದು ಹೋಗಿ ಕೂತಳು. ಹಳೇ ಕೈಬರಹ ಮೊದಲು ಇರುವೆ ಸಾಲಿನಂತೆ ಕಂಡಿತು. ಆದರೆ ಡಾಕ್ಟರುಗಳ ಬರಹ ಓದಿ ಇಪ್ಪತ್ತೈದು ವರ್ಷ ರೋಗಿಗಳನ್ನು ಬದುಕಿಸಿದವಳಿಗೆ ಪಾದ್ರಿಯ ಬರಹ ಎಷ್ಟರದು? ಮೂರನೇ ವಾರ ಬ್ರೀತಾ ಸಿಕ್ಕಿದಳು. ನಿಲ್ಸ್‌ನ ಹೆಸರಿನ ಪಕ್ಕದಲ್ಲಿ, ಇಬ್ಬರು ದೊಡ್ಡ ಮಕ್ಕಳೊಂದಿಗೆ ಅಮೆರಿಕಕ್ಕೆ ಹೋದ ಎಂದು ಬರೆದಿತ್ತು. ಬ್ರೀತಾಳ ಪಕ್ಕದಲ್ಲಿ ಒಂದೇ ಸಾಲು: ಹೆಂಡತಿಗೆ ಜೊತೆ ಹೋಗಲು ಮನಸ್ಸಿಲ್ಲ.

ಇವ್ಲಿನ್ ಆ ಸಾಲನ್ನು ನಾಲ್ಕು ಸಲ ಓದಿದಳು. ಆಮೇಲಿನ ಪುಸ್ತಕಗಳನ್ನೂ ತೆಗೆಸಿದಳು. ಬ್ರೀತಾ ಮೂವತ್ತಾರು ವರ್ಷ ಅದೇ ಮನೆಯಲ್ಲಿ ಇದ್ದಳು. ನೇಯ್ದು ಮಾರಿದಳು. ಅವಳೊಂದಿಗೇ ಉಳಿದ ಕಂಕುಳ ಕೂಸು, ಕಾರಿನ್ ಎಂಬ ಹೆಣ್ಣುಮಗು, ಬೆಳೆದು ಸೂಲಗಿತ್ತಿಯಾಯಿತು. 1899ರ ಮಾರ್ಚ್‌ನಲ್ಲಿ ಬ್ರೀತಾ ನ್ಯುಮೋನಿಯಾದಿಂದ ಸತ್ತಳು. ಅವಳನ್ನು ಮಣ್ಣು ಮಾಡಿದ್ದು ಇದೇ ಹಳ್ಳಿಯ ಚರ್ಚಿನ ಹಿತ್ತಿಲಲ್ಲಿ, ಸ್ಟ್ಯಾನಿ ದಿನಾ ಕಣ್ಣೀರು ಹಾಕುವ ಜಾಗದಿಂದ ನಾನೂರು ಮೀಟರ್ ದೂರದಲ್ಲಿ.

ಪ್ರಿಂಟ್ ತೆಗೆದ ಹಾಳೆಗಳನ್ನು ತಂದು ಅವಳು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟಳು. ಅರ್ಥ ಹೇಳಿದಳು. ಸ್ಟ್ಯಾನಿ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಇದನ್ನು ಹೇಳಿದ್ರೆ ಜನ ಯಾಕೆ ಬರ್ತಾರೆ?"

"ಸತ್ಯ ಅಂತ ಬರ್ತಾರೆ."

"ಕಥೆಯಲ್ಲಿ ಒಂದು ಹೆಣ್ಣು ಬೇಕು ಇವ್ಲಿನ್. ಗಂಡನ ಹಿಂದೆ ಹೋದ ಹೆಣ್ಣು. ಇಲ್ಲದಿದ್ರೆ ಯಾರೂ ಅಳುದಿಲ್ಲ. ನನ್ನ ಉದ್ದೇಶ ಎಂತ ಅಂತ ದೇವರಿಗೆ ಗೊತ್ತುಂಟು."

"ಸುಳ್ಳು ಹೇಳುದು ಪಾಪ ಅಂತ ನಿಮ್ಮ ಹೊಸ ಚರ್ಚಿನಲ್ಲಿ ತೆಗೆದುಹಾಕಿದ್ದಾರಾ?"

"ನಮ್ಮ ಚರ್ಚು," ಎಂದು ತಿದ್ದಿ ಸ್ಟ್ಯಾನಿ ಅನ್ನ ಬಡಿಸಿಕೊಂಡ.

ಜುಲೈ ತಿಂಗಳಲ್ಲಿ ನಿಲ್ಸ್‌ನ ವಂಶದವರು ಯೂಟಾದಿಂದ ಬಂದರು. ಹದಿನೆಂಟು ಜನ, ಒಂದೇ ಬಣ್ಣದ ಟಿ-ಶರ್ಟು. ಅವರಲ್ಲಿ ಹಿರಿಯಳು ಎಂಬತ್ತೈದರ ಆರ್ಡಿತ್, ನಿಲ್ಸ್ ಜೊತೆಗೆ ಹೋದ ಹುಡುಗನ ಮೊಮ್ಮಗಳು. ಬ್ರೀತಾ ಅವಳಿಗೆ ಮುತ್ತಜ್ಜಿ. ಇವ್ಲಿನ್ ಬೆಳಗ್ಗೆಯಿಂದಲೇ ಮೂಗು ಮುರಿಯುತ್ತಿದ್ದಳು. ಇಷ್ಟು ದೂರದಿಂದ ಹಣ ಸುರಿದು ಬಂದವರು ಸುಳ್ಳು ಕೇಳಿ ಅತ್ತು, ಫೋಟೋ ತೆಗೆದು, ಸಂತೋಷವಾಗಿ ಹೋಗುತ್ತಾರೆ. ಅವರಿಗೆ ಬೇಕಾದದ್ದೂ ಅದೇ. ಕುರುಡರ ಸಂತೆಗೆ ಕನ್ನಡಿ ಒಯ್ಯುವ ಕೆಲಸ ತನಗೇಕೆ?

ಸ್ಟ್ಯಾನಿ ಅವತ್ತು ತನ್ನನ್ನೇ ಮೀರಿಸಿದ. ಮಕ್ಕಳಿಂದ ಅಂಗಳದ ಸುತ್ತ ಗಾಡಿ ಎಳೆಸಿದ. ಹೊಸ್ತಿಲ ಮೇಲೆ ನಿಂತು ಬ್ರೀತಾ ಹಾಡಿದ ಹಾಡನ್ನೂ ಹಾಡಿದ. ಎಲ್ಲ ಮುಗಿದ ಮೇಲೆ ಆರ್ಡಿತ್ ಕುರ್ಚಿಯಿಂದಲೇ ಕೈ ಎತ್ತಿದಳು.

"ನಮ್ಮ ಮನೆಯ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಸಾವಿನ ತಾರೀಕು ಇಲ್ಲ ಎಲ್ಡರ್. ನನ್ನ ಅಪ್ಪ ಹುಡುಕಿದ, ನಾನೂ ಹುಡುಕಿದೆ. ಆಕೆ ಎಲ್ಲಿ ತೀರಿಕೊಂಡಳು?"

ಈಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. ಸ್ಟ್ಯಾನಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅಮೆರಿಕದ ಬಯಲಿನಲ್ಲಿ, ನದಿಯೊಂದರ ದಡದಲ್ಲಿ, ಹಿಮ ಬೀಳುತ್ತಿದ್ದಾಗ ಆಕೆ ಕಣ್ಣು ಮುಚ್ಚಿದಳು ಎಂದ. ತುಟಿಯ ಮೇಲೆ ಸ್ತೋತ್ರ ಇತ್ತು ಎಂದ. ಗಂಡ ಕೈಯಿಂದಲೇ ಹಿಮ ತೋಡಿ ಮಣ್ಣು ಮಾಡಿದ ಎಂದ.

ಇವ್ಲಿನ್ ಕಿವಿಯವರೆಗೂ ಕೆಂಪಾದಳು. ಈ ಮನುಷ್ಯ ಒಂದು ಮುದುಕಿಯ ಮುಖ ನೋಡುತ್ತಲೇ ಅವಳ ಮುತ್ತಜ್ಜಿಯನ್ನು ಇನ್ನೊಮ್ಮೆ ಸಾಯಿಸಿದ್ದ. ಅದೂ ತಾನು ಹೇಳಿದ ಮೇಲೆ, ಕಾಗದ ತೋರಿಸಿದ ಮೇಲೆ. ಅವಳು ತಲೆಯ ಟೋಪಿಯ ದಾರ ಬಿಚ್ಚಿ ಮೇಜಿನ ಮೇಲಿಟ್ಟು, ಆರ್ಡಿತ್‌ಳ ತೋಳು ಹಿಡಿದಳು.

"ನಡೆಯಲು ಆಗುತ್ತದೆಯೇ? ದೂರವಿಲ್ಲ."

ನಾನೂರು ಮೀಟರಿಗೆ ಹತ್ತು ನಿಮಿಷ ಬೇಕಾಯಿತು. ಮೊಮ್ಮಗಳೊಬ್ಬಳು ಹಿಂದೆ ಬಂದಳು, ಉಳಿದವರು ಏನೆಂದು ತಿಳಿಯದೆ ಅಂಗಳದಲ್ಲೇ ನಿಂತರು. ಬಡವರ ಗೋರಿಗಳಿಗೆ ಕಲ್ಲು ಇರಲಿಲ್ಲ. ಸಮಾಧಿ ಪುಸ್ತಕದಲ್ಲಿದ್ದ ಗುರುತು ಹಿಡಿದು ಇವ್ಲಿನ್ ಮೊದಲೇ ಜಾಗ ನೋಡಿಕೊಂಡಿದ್ದಳು. ಗೋಡೆಯ ಬದಿಯಲ್ಲಿ ಬರೀ ಹುಲ್ಲು. ಅಲ್ಲಿ ನಿಂತು ಅವಳು ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು: ಆಕೆ ಹೋಗಲಿಲ್ಲ, ಮನಸ್ಸಿರಲಿಲ್ಲ, ಕೂಸನ್ನು ಸಾಕಿಕೊಂಡು ಇಲ್ಲೇ ಬದುಕಿದಳು, ಇಲ್ಲೇ ಸತ್ತಳು. ಹೇಳಿ, ಮುದುಕಿ ಕುಸಿದರೆ ಹಿಡಿದುಕೊಳ್ಳಲು ನರ್ಸಿನ ಹಾಗೆ ಸಿದ್ಧಳಾಗಿ ನಿಂತಳು.

ಆರ್ಡಿತ್ ಕುಸಿಯಲಿಲ್ಲ. ಕೈಚೀಲದಿಂದ ಕನ್ನಡಕ ತೆಗೆದಳು, ನೋಟ್‌ಬುಕ್ ತೆಗೆದಳು.

"ತಾರೀಕು ಹೇಳು," ಎಂದಳು.

"ಮಾರ್ಚ್ ಹನ್ನೆರಡು, ಸಾವಿರದ ಎಂಟುನೂರ ತೊಂಬತ್ತೊಂಬತ್ತು."

ಆರ್ಡಿತ್ ಅದನ್ನು ನಿಧಾನವಾಗಿ ಬರೆದಳು. ಬರೆದದ್ದರ ಕೆಳಗೆ ಗೆರೆ ಎಳೆದಳು. "ನನ್ನಪ್ಪ ಇದೊಂದು ಸಾಲಿಗಾಗಿ ನಲವತ್ತು ವರ್ಷ ಕಾಗದ ಬರೆದ. ಅಜ್ಜನಿಗೆ ಎಂಟು ವರ್ಷವಾಗಿತ್ತಂತೆ ಹೊರಡುವಾಗ. ಅಮ್ಮನ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದನಂತೆ. ಆಕೆ ದಾರಿಯಲ್ಲಿ ಸತ್ತಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು." ಆಮೇಲೆ ಹುಲ್ಲಿನ ಕಡೆ ನೋಡಿ, "ಆ ಕೂಸಿಗೆ ಮಕ್ಕಳಾದವೇ?" ಎಂದು ಕೇಳಿದಳು.

"ನಾಲ್ಕು."

"ಹಾಗಾದರೆ ನನಗೆ ಇಲ್ಲಿ ನಂಟರಿದ್ದಾರೆ!" ಮುದುಕಿಯ ಮುಖ ಅರಳಿತು. ಮೊಮ್ಮಗಳನ್ನು ಕರೆದು ಹೇಳಿದ್ದನ್ನೇ ಮತ್ತೆ ಹೇಳಿದಳು.

ಇವ್ಲಿನ್‌ಗೆ ಮುಖಕ್ಕೆ ಹೊಡೆದಂತಾಯಿತು. ಈ ಜನಕ್ಕೆ ಸುಳ್ಳೇ ಬೇಕು ಎಂದುಕೊಂಡು ಎರಡು ತಿಂಗಳು ಹಾಳೆಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡವಳು ಅವಳೂ ಅಲ್ಲವೇ? ಗಂಡನನ್ನು ಅಳೆದ ಕೋಲಿನಿಂದಲೇ ಊರವರನ್ನೆಲ್ಲ ಅಳೆದಿದ್ದಳು.

ಬಸ್ಸು ಹೊರಡುವ ಮೊದಲು ಆರ್ಡಿತ್ ಸ್ಟ್ಯಾನಿಯ ಮುಂದೆ ನಿಂತಳು. ಸಿಟ್ಟಿನ ಸುಳಿವೂ ಇರಲಿಲ್ಲ.

"ನಮ್ಮವರು ಇಲ್ಲಿಂದ ಹೊರಟ ವರ್ಷದಲ್ಲಿ ಕೈಗಾಡಿ ಇರಲಿಲ್ಲ ಎಲ್ಡರ್. ಎತ್ತಿನ ಗಾಡಿಯಲ್ಲಿ ಹೋದರು. ಅದು ನಮ್ಮ ಮಕ್ಕಳಿಗೂ ಗೊತ್ತು, ನಿಮಗೆ ಬೇಸರವಾದೀತೆಂದು ಎಳೆದರು. ಹಿಮದ ವಿಷಯ ಮಾತ್ರ ನಿಮಗೆ ಯಾರು ಹೇಳಿದರು?"

ಹದಿನೆಂಟು ಜನ ಕಾದರು. ಕೊನೆಗೆ ಡ್ರೈವರ್ ಹಾರ್ನ್ ಹೊಡೆದು ಅವನನ್ನು ಉಳಿಸಿದ.

ನಾಲ್ಕನೆಯ ದಿನ ಬೆಳಗ್ಗೆ ಗಂಜಿ ಉಣ್ಣುತ್ತ ಸ್ಟ್ಯಾನಿ ಹೇಳಿದ:

"ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ."

"ನಾನು ಎಂತ ತೆಗೆದದ್ದು? ಆ ಅಜ್ಜಿಯನ್ನು ಮೆತ್ತಗೆ ಕರೆದುಕೊಂಡು ಹೋದೆ. ಹಿಮ ಸುರಿಸಿದ್ದು ನೀವು."

"ಹೆಂಡತಿ ಆದವಳು ಗಂಡನ ಜೊತೆ ನಿಲ್ಲಬೇಕು."

ಇವ್ಲಿನ್ ಚಮಚ ಕೆಳಗಿಟ್ಟಳು. ಮೂವತ್ತು ವರ್ಷ ಹೇಳದೆ ಉಳಿದ ಮಾತು ತಾನಾಗಿ ಹೊರಗೆ ಬಂತು.

"ಎಂಬತ್ತನಾಲ್ಕರಲ್ಲಿ ಊರಿನ ಆಸ್ಪತ್ರೆಯಲ್ಲಿ ನನ್ನನ್ನು ಆಪರೇಷನ್ ಥಿಯೇಟರಿನ ಇನ್‌ಚಾರ್ಜ್ ಮಾಡ್ತೇವೆ ಅಂದಿದ್ರು, ನೆನಪುಂಟಾ? ರಾಜೀನಾಮೆ ಬರೆದದ್ದು ನೀವು. ನಾನು ಸೈನ್ ಮಾಡಿದ್ದು ಮಾತ್ರ. ಅಮ್ಮನ ಹತ್ರ ಹೋಗಿ, ಇವ್ಲಿನ್‌ಗೆ ಸ್ವೀಡನ್ ಅಂದ್ರೆ ತುಂಬಾ ಖುಷಿ, ಕುಣೀತಿದ್ದಾಳೆ ಅಂದ್ರಿ. ನಾನು ಒಳಗೆ ಅಕ್ಕಿ ತೊಳೀತಾ ಅಳ್ತಿದ್ದೆ. ಈ ಚರ್ಚಿಗೆ ಸೇರುವಾಗಲೂ ಅದೇ. ಇಲ್ಲಿಗೆ ಬರುವಾಗಲೂ ರಾಯ್ಸ್ಟನ್‌ಗೆ ಫೋನು ಮಾಡಿ ಅದೇ, ಮಮ್ಮಿಗೆ ತುಂಬಾ ಖುಷಿ. ಬ್ರೀತಾಳನ್ನು ನೀವು ಹೊಸತಾಗಿ ಎಂತ ಕಟ್ಟಿದ್ದಲ್ಲ. ಮೂವತ್ತು ವರ್ಷದಿಂದ ಕಟ್ತಾ ಇದ್ದೀರಿ."

ರಾಯ್ಸ್ಟನ್ ಎಂದರೆ ಇವರಿಬ್ಬರ ಮಗ. ಸ್ಯಾಂಡ್‌ವಿಕೆನ್‌ನಲ್ಲಿ ಉಕ್ಕಿನ ಕಾರ್ಖಾನೆಯಲ್ಲಿದ್ದವನು.

ಸ್ಟ್ಯಾನಿ ಗಂಜಿ ಕಲಕಿದ. "ನೀನು ಯಾವಾಗಾದ್ರೂ ಬೇಡ ಅಂದಿದ್ಯಾ?" ಎಂದ.

ಅವಳು ಯಾವತ್ತೂ ಬೇಡ ಎಂದಿರಲಿಲ್ಲ. ಗುನ್‌ಬ್ರಿಟ್ ಮೆಲ್ಲನೆ ಹೇಳಿದ್ದಳು ಎಂದು ನಕ್ಕಿದ್ದವಳು ತಾನು ಮೆಲ್ಲನೆಯೂ ಹೇಳಿದವಳಲ್ಲ.

ಸೆಪ್ಟೆಂಬರಿನಲ್ಲಿ ಶಾಲೆಯ ಮಕ್ಕಳ ಒಂದು ತಂಡ ಬಂತು. ಸ್ಟ್ಯಾನಿ ವೇಷ ಹಾಕಿರಲಿಲ್ಲ. ಮಾಮೂಲಿ ಸ್ವೆಟರಿನಲ್ಲಿ ನಿಂತು, ಕೈಯಲ್ಲಿ ಚೀಟಿ ಹಿಡಿದು, ನಿಲ್ಸ್ ಹೋದ, ಬ್ರೀತಾ ಹೋಗಲಿಲ್ಲ, ಯಾಕೆಂದು ಯಾರಿಗೂ ಗೊತ್ತಿಲ್ಲ ಎಂದ. ಎರಡೂವರೆ ನಿಮಿಷದಲ್ಲಿ ಮುಗಿಯಿತು. ಇವ್ಲಿನ್ ಒಂದಕ್ಷರ ಬಿಡದೆ ಅನುವಾದಿಸಿದಳು. ಯಾರೂ ಅಳಲಿಲ್ಲ. ಒಬ್ಬ ಹುಡುಗಿ ಶೌಚಾಲಯ ಎಲ್ಲಿ ಎಂದು ಕೇಳಿದಳು. ಸ್ಟ್ಯಾನಿ ಚೀಟಿಯನ್ನು ಮಡಿಸಿ ಮಡಿಸಿ ಸಣ್ಣದು ಮಾಡುತ್ತಿದ್ದ. ಸುಳ್ಳಿಲ್ಲದ ಕಥೆ ಹೇಳಲು ಈ ಮನುಷ್ಯನಿಗೆ ಬರುವುದೇ ಇಲ್ಲ ಎಂದು ಇವ್ಲಿನ್‌ಗೆ ನಗು ಬಂತು. ಕನಿಕರವೂ ಒಂದು ಚೂರು ಬಂತು. ಅದನ್ನು ಅವಳು ಹೆಚ್ಚು ಬೆಳೆಯಲು ಬಿಡಲಿಲ್ಲ.

ಅವಧಿ ಮುಗಿಯಲು ಒಂದು ತಿಂಗಳಿರುವಾಗ ಸ್ಟ್ಯಾನಿ ಇನ್ನೊಂದು ಅರ್ಜಿ ತಂದ. ಮತ್ತೆ ಒಂದೂವರೆ ವರ್ಷ, ಈ ಸಲ ಬೇರೆ ದೇಶ. ದಂಪತಿ ಇಬ್ಬರ ಸಹಿ ಬೇಕು. ತನ್ನ ಸಹಿ ಹಾಕಿ, ಕೆಳಗೆ ಅವಳ ಹೆಸರನ್ನೂ ಚಂದಕ್ಕೆ ಬರೆದು, ಗೀಟಿನ ಮೇಲೆ ಸಣ್ಣ ಗುರುತು ಮಾಡಿ ಪೆನ್ನು ಕೊಟ್ಟ.

"ಇಲ್ಲಿ ಒಂದು ಸೈನ್."

"ಬೇಡ," ಎಂದಳು ಇವ್ಲಿನ್.

"ಬೇಡ ಅಂದ್ರೆ?"

"ನನಗೆ ಮನಸ್ಸಿಲ್ಲ. ನೀವು ಹೋಗುದಾದ್ರೆ ಹೋಗಿ. ನಾನು ಮನೆಗೆ."

ಅವಳು ನವೆಂಬರ್ ಮೊದಲ ವಾರ ಎಸ್ಕಿಲ್‌ಸ್ಟುನಾಕ್ಕೆ ರೈಲು ಹತ್ತಿದಳು. ಹತ್ತುವ ಮೊದಲು ಸ್ಟೇಷನ್ನಿನಲ್ಲಿ ಗುನ್‌ಬ್ರಿಟ್ ಜೊತೆ ಕೂತು ಎರಡು ಲೋಟ ಕಾಫಿ ಕುಡಿದಳು. ನಾಲ್ಕು ವರ್ಷದ ಮೇಲೆ ಕುಡಿದ ಕಾಫಿ. ನಿದ್ದೆ ಹಾರಿತು, ಪಶ್ಚಾತ್ತಾಪ ಮಾತ್ರ ಬರಲಿಲ್ಲ. ಭಾನುವಾರ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದಳು. ಗುರುವಾರದ ವಂಶಾವಳಿ ತರಗತಿಗೆ ಸೇರಿಕೊಂಡಳು. ಹಳೇ ಕೈಬರಹ ಓದಬಲ್ಲ ನರ್ಸೊಬ್ಬಳಿದ್ದಾಳೆ ಎಂದು ಅಲ್ಲಿ ಬಾಯಿಂದ ಬಾಯಿಗೆ ಹಬ್ಬಿತು.

ಸ್ಟ್ಯಾನಿ ಎರಡು ವಾರ ಹೆಸ್ಲೆಹುಲ್ಟ್‌ನಲ್ಲೇ ಇದ್ದ. ಒಂಟಿ ಗಂಡಸಿಗೆ ದಂಪತಿಯ ಸೇವೆ ಕೊಡುವುದಿಲ್ಲ ಎಂದು ತಿಳಿಯಲು, ಬ್ರೆಡ್ಡು ತಿಂದು ಹೊಟ್ಟೆ ಕೆಡಲು ಅಷ್ಟು ಸಮಯ ಬೇಕಾಯಿತು. ಒಂದು ಮಧ್ಯಾಹ್ನ ಎರಡು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತ. ಕೋಟಿನ ಮೇಲೆ ಹೆಸರುಪಟ್ಟಿ ಇರಲಿಲ್ಲ, ಅದರ ಪಿನ್ನಿನ ಎರಡು ತೂತು ಇದ್ದವು. ಇವ್ಲಿನ್ ಯಾರದೋ ಅಜ್ಜಿಯ ಮದುವೆಯ ದಾಖಲೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದವಳು ತಲೆ ಎತ್ತಿದಳು.

"ಬಂದೆ," ಎಂದ ಸ್ಟ್ಯಾನಿ. ಸೂಟ್‌ಕೇಸ್ ಕೆಳಗಿಟ್ಟು, "ಊಟ ಉಂಟಾ?" ಎಂದ.

"ಅಕ್ಕಿ ಡಬ್ಬದಲ್ಲಿ ಉಂಟು," ಎಂದು ಇವ್ಲಿನ್ ಮತ್ತೆ ಭೂತಗನ್ನಡಿಗೆ ಬಗ್ಗಿದಳು. "ಎರಡು ಸಲ ತೊಳೀರಿ."